ಕಾರ್ಡಿನ ಹಿಂಬದಿ

ನಮ್ಮ ಮನೆಯ ಮೋಟರ್ ಎರಡು ವರ್ಷದಲ್ಲಿ ನಲವತ್ತೊಂದು ಸಲ ಸುಟ್ಟಿತು. ಒಂದು ಸಲವೂ ಹೊಗೆ ಬರಲಿಲ್ಲ.

ನಮ್ಮ ಮನೆ ಅಂದೆನಲ್ಲ, ನಾಲಿಗೆ ಜಾರಿತು. ಮೋಹನ್‌ಕುಮಾರ್ ಮನೆ. ಹಾಸನದಿಂದ ಬೂವನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಸಿಗುತ್ತದೆ. ವಿಮಾನ ನಿಲ್ದಾಣ ಬರುತ್ತೆ ಅಂತ ಕಟ್ಟಿಸಿದ ಮನೆ. ವಿಮಾನ ಇನ್ನೂ ಬಂದಿಲ್ಲ. ವಿಮಾನದಲ್ಲಿ ಬರೋರಿಗೆ ಮಂಚ, ದಿಂಬು, ಬಿಸಿನೀರು ಎಲ್ಲಾ ರೆಡಿ. ಅಲ್ಲೀತನಕ ಕಾರಿನಲ್ಲಿ ಬರೋರು ಮಲಗುತ್ತಾರೆ. ಮೊಸಳೆ ಅನ್ನೋ ಊರಿನ ಜೋಡಿ ಗುಡಿ ನೋಡೋರು, ಮದುವೆಗೆ ಬಂದೋರು, ಸುಮ್ಮನೆ ಬಂದೋರು. ಗೇಟಿನ ಮೇಲೆ ಬೋರ್ಡು: 'ಬನ್ನಿಮನೆ. ಬನ್ನಿ, ಇದು ನಿಮ್ಮದೇ ಮನೆ.' ಬನ್ನಿ ಅನ್ನೋದು ಬೋರ್ಡಿನ ಕೆಲಸ. ಬರಬೇಡಿ ಅನ್ನೋದು ನನ್ನ ಕೆಲಸ.

ನಾನು ಕೀರ್ತಿರಾಜ್. ಹೊಳೆನರಸೀಪುರದಲ್ಲಿ ಬಿ.ಎ., ಹಾಸನದಲ್ಲಿ ಎಂ.ಎ. ಬಿ.ಎ. ಅಂದರೆ ಬರೀ ಅಲೆದಾಟ, ಎಂ.ಎ. ಅಂದರೆ ಮತ್ತೂ ಅಲೆದಾಟ. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಬೆಕ್ಕಿನವರೆಗೆ ಎಲ್ಲರ ದನಿ ತೆಗೆಯುತ್ತಿದ್ದೆ. ಎಲ್ಲರ ದನಿ ಬರುತ್ತೆ, ಕೆಲಸ ಮಾತ್ರ ಬರಲ್ಲ ಅಂತ ಗೆಳೆಯರು ನಗುತ್ತಿದ್ದರು. ಕೆಲಸ ಬಂತು. ದನಿಯಿಂದಲೇ ಬಂತು.

ಹೋಮ್‌ಸ್ಟೇಯಲ್ಲಿ ನನಗೆ ಮ್ಯಾನೇಜರ್ ಅಂತ ಹೆಸರು. ಜಗಲಿಯ ಮೇಲೆ ಒಂದು ಟೇಬಲ್ಲು, ಒಂದು ಕುರ್ಚಿ, ಒಂದು ದಪ್ಪ ರಿಜಿಸ್ಟರು. ಬಂದವರ ಗುರುತಿನ ಚೀಟಿ ನೋಡೋದು, ಮುಖಕ್ಕೂ ಫೋಟೋಕ್ಕೂ ತಾಳೆ ಹಾಕೋದು, ಕಾಪಿ ತೆಗೆದಿಡೋದು. ಠಾಣೆಯವರು ಬಂದು ಹೇಳಿ ಹೋಗಿದ್ದರು. ಗುರುತು ನೋಡದೆ ಯಾರನ್ನೂ ಉಳಿಸ್ಕೋಬೇಡಿ, ನಾಳೆ ಏನಾದ್ರೂ ಆದ್ರೆ ನಿಮ್ಮ ತಲೆಗೇ ಬರುತ್ತೆ ಅಂತ. ಸರಿಯಾದ ಮಾತೇ. ಗೊತ್ತಿಲ್ಲದವರನ್ನು ಮನೆಯೊಳಗೆ ಮಲಗಿಸುವಾಗ ಗೊತ್ತು ಮಾಡಿಕೊಳ್ಳೋದು ತಪ್ಪಲ್ಲ. ಏನನ್ನು ಗೊತ್ತು ಮಾಡಿಕೊಳ್ಳುತ್ತೀವಿ ಅನ್ನೋದರಲ್ಲಿ ಇರೋದು ಮಸಲತ್ತು.

"ಆಧಾರ್ ಕಾರ್ಡಿಗೆ ಎರಡು ಕಡೆ ಕಣೋ ಕೀರ್ತಿ," ಅಂತ ಮೊದಲ ದಿನವೇ ಮೋಹನಣ್ಣ ಪಾಠ ಮಾಡಿದ. "ಮುಂದ್ಗಡೆ ಫೋಟೋ. ಅದು ಪೊಲೀಸ್ರಿಗೆ. ಹಿಂದ್ಗಡೆ ವಿಳಾಸ. ಅದು ನಮ್ಗೆ."

ಹಿಂದ್ಗಡೆ ಓದಿದರೆ ಅರ್ಧ ಗೊತ್ತಾಗುತ್ತೆ. ಇಂಥ ಕಾಲೋನಿ, ಇಂಥ ನಗರ, ಇಂಥ ಕೇರಿ. ಅದರಲ್ಲೂ ಗೊತ್ತಾಗದಿದ್ದರೆ ಫೋನ್ ಮಾಡಿ ಮೂರು ಪ್ರಶ್ನೆ. ಒಂದು, ತಮ್ಮ ಸ್ವಂತ ಊರು ಯಾವ್ದು? ಎರಡು, ಊರಲ್ಲಿ ಮನೆ ದೇವಸ್ಥಾನದ ಹತ್ರಾನೇ ಬರುತ್ತಾ? ಮೂರು, ಮನೆದೇವ್ರು ಯಾವ್ದು? ಮೂರೂ ನಯವಾಗಿ. ಸಂಬಂಧಿಕರು ಸಂಬಂಧಿಕರನ್ನು ಕೇಳಿದ ಹಾಗೆ. ಉತ್ತರ ಸರಿ ಹೊಂದದಿದ್ದರೆ ಮೋಟರ್ ಸುಡುತ್ತಿತ್ತು.

"ಅಯ್ಯೋ, ಒಂದು ನಿಮ್ಷದ ಹಿಂದೆ ಮೋಟರ್ ಸುಟ್ಟೋಯ್ತು ಸಾರ್. ನೀರೇ ಇಲ್ಲ. ತಮಗೆ ತೊಂದ್ರೆ ಆಗ್ಬಾರ್ದು ನೋಡಿ."

ಕೆಲವರಿಗೆ ಮೂರು ಪ್ರಶ್ನೆಯೂ ಬೇಕಿರಲಿಲ್ಲ. ಹೆಸರು ನೋಡಿದ ಕೂಡಲೇ ಸುಡುತ್ತಿತ್ತು.

ಮೊದಮೊದಲು ಫೋನ್ ಮಾಡುತ್ತಿದ್ದವನು ಮೋಹನಣ್ಣನೇ. ಒಂದು ದಿನ ತೋಟದ ಕೆಲಸದ ಬೈರಯ್ಯನ ಮುಂದೆ ನಾನು ಅವನ ದನಿ ತೆಗೆದು ಆಡಿಕೊಳ್ಳುತ್ತಿದ್ದೆ. 'ನಮಸ್ಕಾರಾ...' ಅಂತ ಎಳೆಯೋದು, 'ನೋಡಿ' ಅನ್ನುವ ಮುಂಚೆ ಒಂದು ಸಣ್ಣ ಕೆಮ್ಮು, ತುಪ್ಪ ಸುರಿದ ಹಾಗೆ ಕೊನೆ. ಬೈರಯ್ಯ ಹೊಟ್ಟೆ ಹಿಡಿದು ನಗುತ್ತಿದ್ದವನು ತಟ್ಟನೆ ನಿಂತ. ಹಿಂದೆ ಮೋಹನಣ್ಣ. ಮುಗೀತು ಕೀರ್ತಿ ನಿನ್ನ ಕೀರ್ತಿ ಅಂದುಕೊಂಡೆ. ಅವನು ನಕ್ಕ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

"ಲೇ, ನಾನೇ ಅನ್ಕಂಡೆ ಕಣ್ಲಾ! ಇನ್ಮೇಲೆ ಫೋನು ನೀನೇ ಮಾಡು. ನನ್ ಎಸ್ರಲ್ಲಿ, ನನ್ ದನೀಲಿ. ಇನ್ನೊಂದೇನಪ್ಪಾ ಅಂದ್ರೆ, ನಿಮ್ಮೋರ್ನ ನನ್ಗಿಂತ ನೀನೇ ಚೆನ್ನಾಗಿ ಗುರ್ತು ಇಡೀತೀಯ."

ನಾನೂ ನಕ್ಕೆ. ಅದು ನೆನಪಿದೆ. ನಾನೂ ನಕ್ಕೆ.

ನನ್ನ ಕಾರ್ಡಿನ ಹಿಂಬದಿ ಮೋಹನಣ್ಣ ಓದಿದ್ದ. ಓದಿಯೇ ಕೆಲಸ ಕೊಟ್ಟಿದ್ದ. ಜಗಲಿ ದಾಟಿ ಒಳಗೆ ಹೋಗಬಾರದು ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಟೇಬಲ್ಲು ಜಗಲಿಯಲ್ಲಿತ್ತು, ಅಷ್ಟೆ. ಕುಡಿಯೋ ನೀರು ಒಳಗಿತ್ತು, ನನಗೆ ತೋಟದ ನಲ್ಲಿ ಇತ್ತು, ಅಷ್ಟೆ. ಎರಡು ವರ್ಷದಲ್ಲಿ ಸಾವಿರಾರು ಜನರನ್ನು ಗುರುತು ನೋಡಿ ಒಳಗೆ ಬಿಟ್ಟೆ. ಆ ಮನೆಯೊಳಗೆ ಎಷ್ಟು ಕೋಣೆ ಅಂತ ಬೋರ್ಡು ಓದಿ ಹೇಳುತ್ತಿದ್ದೆ. ಹೋಮ್‌ಸ್ಟೇ ಅಂದರೆ ಹೋಮ್ ಅವರದು, ಸ್ಟೇ ನಮಗೆ. ಕೋರ್ಟಿನವರು ಕೊಡ್ತಾರಲ್ಲ, ಆ ಸ್ಟೇ.

ಒಂದು ಸಲ ಚನ್ನರಾಯಪಟ್ಟಣದ ಕಡೆಯಿಂದ ಯಶೋಧರಾ ಅನ್ನೋ ಮೇಡಂ ಬುಕ್ ಮಾಡಿದ್ದರು. ಹೈಸ್ಕೂಲು ಟೀಚರು. ವಯಸ್ಸಾದ ತಾಯಿಗೆ ಮೊಸಳೆ ಗುಡಿ ತೋರಿಸಬೇಕಂತೆ. ಮೊದಲ ಎರಡು ಪ್ರಶ್ನೆ ದಾಟಿದರು. ಮೂರನೆಯದು ಕೇಳಿದೆ.

"ಮನೆದೇವ್ರು?"

"ಬುದ್ಧ," ಅಂದರು.

ಮೋಟರ್ ಸುಟ್ಟಿತು. "ಯಾವ ಊರಿಗೆ ಹೋದ್ರೂ ಮೋಟರ್ ನಮ್ಗೇ ಸುಡುತ್ತೆ ಸರ್," ಅಂದು ಆಕೆ ಫೋನ್ ಇಟ್ಟರು.

ನಮ್ಮ ಮನೆಯ ಗೋಡೆಯ ಮೇಲೂ ಬುದ್ಧನ ಪಟವೇ ಇರೋದು. ಅವತ್ತು ಮಧ್ಯಾಹ್ನ ಊಟ ಸೇರಿತು. ಚೆನ್ನಾಗಿಯೇ ಸೇರಿತು. ಬರೆಯುವಾಗ ಸುಳ್ಳು ಹೇಳಬಾರದು.

ಈಗ ಆ ಮನೆಯ ಸಂಪಿನ ವಿಷಯ ಹೇಳಬೇಕು. ಅಂಗಳದಲ್ಲಿ, ಗೇಟಿನ ಬಲಕ್ಕೆ, ಕಬ್ಬಿಣದ ಮುಚ್ಚಳದ ಕೆಳಗೆ ನೀರಿನ ಸಂಪು. ಮನೆ ಕಟ್ಟುವಾಗ ಮುಂದಿನ ಕಾಂಪೌಂಡು ಎದ್ದುಬಿಟ್ಟಿತ್ತು, ಜೆಸಿಬಿ ಒಳಗೆ ಬರಲಿಲ್ಲ. ಕೈಯಲ್ಲೇ ತೋಡಬೇಕಾಯಿತು. ಮೇಸ್ತ್ರಿ ಕೊಣನೂರು ಕಡೆಯಿಂದ ಆಳು ತಂದ. ಆ ಆಳು ನಮ್ಮಪ್ಪ ತಮ್ಮಯ್ಯ. ಜೊತೆಗೆ ನಮ್ಮವ್ವ ಹೊನ್ನಕ್ಕ.

ಒಂಬತ್ತು ಅಡಿ ಆಳ. ಮೇಲೆರಡಡಿ ಮಣ್ಣು, ಕೆಳಗೆಲ್ಲಾ ಜಲ್ಲಿ. ಅಪ್ಪ ಹಾರೆ ಹಾಕಿದರೆ ಹಾರೆಯೇ ವಾಪಸ್ಸು ಬರುತ್ತಿತ್ತಂತೆ. ಹನ್ನೊಂದು ದಿನ. ಅಪ್ಪ ಒಳಗೆ ಅಗೆಯೋದು, ಬಾಂಡ್ಲಿ ತುಂಬಿ ತಲೆಯ ಮೇಲೆತ್ತೋದು. ಅವ್ವ ಮೇಲಿನಿಂದ ಬಗ್ಗಿ ತೆಗೆದುಕೊಂಡು ಹೊರೋದು. ಅಪ್ಪನ ಅಂಗೈ ಒಡೆದು ಹಾರೆಯ ಹಿಡಿ ಕೆಂಪಾಗಿತ್ತು. ಬಟ್ಟೆ ಸುತ್ತಿಕೊಂಡು ಅಗೆದ. ಅವ್ವನಿಗೆ ಆಗಲೇ ಹೊಟ್ಟೆನೋವು ಶುರುವಾಗಿತ್ತು. ಭಾರ ಹೊತ್ತಿದ್ದಕ್ಕೆ ಅಂದುಕೊಂಡಳು.

ಬಾಯಾರಿ ನೀರು ಕೇಳಿದರೆ ಮೋಹನಣ್ಣನ ಹೆಂಡತಿ ಸ್ವರ್ಣಲತಾ ಪೈಪು ಹಿಡಿದು ಮೇಲಿನಿಂದ ಬಿಡುತ್ತಿದ್ದಳಂತೆ. ಗುಂಡಿಯೊಳಗೆ ನಿಂತು ಅಪ್ಪ ಬೊಗಸೆ ಒಡ್ಡೋದು. ನೀರು ಮುಖಕ್ಕೆ, ಎದೆಗೆ, ಹಾರೆಗೆ. ಬಾಯಿಗೆ ಸ್ವಲ್ಪ. ಸಂಪು ಮುಗಿದು ಮೊದಲ ಸಲ ನೀರು ತುಂಬಿದ ದಿನ ಅಪ್ಪ ಬಗ್ಗಿ ಒಂದು ಬೊಗಸೆ ನೋಡೋಣ ಅಂತ ಹೋದರೆ, "ಏಯ್ ತಮ್ಮಯ್ಯ, ಅದು ಕುಡಿಯೋ ನೀರು," ಅಂದಳಂತೆ ಸ್ವರ್ಣಲತಾ.

ಇದನ್ನೆಲ್ಲಾ ಅಪ್ಪ ಅವ್ವ ಮನೆಯಲ್ಲಿ ನಗೆಚಾಟಿಕೆ ಮಾಡಿಕೊಂಡು ಹೇಳುತ್ತಿದ್ದರು. ನಾನು ಸ್ವರ್ಣಲತಾ ದನಿ ತೆಗೆದು 'ಏಯ್ ತಮ್ಮಯ್ಯಾ' ಅಂದರೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗೋಳು. "ಇನ್ನೊಂದ್ಸಲ ಅನ್ನಪ್ಪಾ, ಇನ್ನೊಂದ್ಸಲ," ಅನ್ನೋಳು. ನನ್ನ ಮಿಮಿಕ್ರಿಗೆ ಮೊದಲ ಸಭೆ ಅವಳು. ಟಿಕೆಟ್ಟಿಲ್ಲದ ಸಭೆ.

ಅದೇ ಮನೆಯಲ್ಲಿ ನನಗೆ ಕೆಲಸ ಸಿಕ್ಕಿತು ಅಂದಾಗ ಅವ್ವ ಕೇರಿಗೆಲ್ಲಾ ಹೇಳಿಕೊಂಡು ಬಂದಳು. ನಾವು ಗುಂಡಿ ತೋಡುದ್ ಮನೇಗೆ ನನ್ ಮಗ ಮ್ಯಾನೇಜರು ಅಂತ. ನಾನು ಕೂರೋದು ಜಗಲಿಯಲ್ಲಿ ಅಂತ ಹೇಳಲಿಲ್ಲ. ಮ್ಯಾನೇಜರ್ ಅಂದರೆ ಎಲ್ಲವನ್ನೂ ಮ್ಯಾನೇಜ್ ಮಾಡೋನು. ಮುಖ್ಯವಾಗಿ ಮುಖವನ್ನ.

ಹೊಟ್ಟೆನೋವು ಭಾರದ್ದಲ್ಲ ಅಂತ ಗೊತ್ತಾಗುವ ಹೊತ್ತಿಗೆ ನಾಲ್ಕು ವರ್ಷ ಆಗಿತ್ತು. ಗರ್ಭಕೋಶದಲ್ಲಿ ಗಡ್ಡೆ. ಹಾಸನದ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಡ್ರಿಪ್ಪು. ಬೆಳಿಗ್ಗೆ ಏಳಕ್ಕೆ ಟೋಕನ್ ತಗೊಳ್ಳಬೇಕು. ಕೊಣನೂರಿಂದ ಮೊದಲ ಬಸ್ಸು ಹಿಡಿದು ಅರಕಲಗೂಡು ದಾಟಿ ಹಾಸನ ಮುಟ್ಟುವಾಗ ಎಂಟಾಗುತ್ತಿತ್ತು. ಹಿಂದಿನ ಸಂಜೆಯೇ ಬಂದು ಎಲ್ಲಾದರೂ ಮಲಗಬೇಕು. ನಾನು ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದೆ ನಾಲ್ಕು ಗಂಡಸರ ರೂಮಿನಲ್ಲಿ. ಅಲ್ಲಿ ಹೆಂಗಸರು ಬರುವಂತಿಲ್ಲ. ಮೊದಲ ಸಲ ಗೊತ್ತಿದ್ದವರ ಮನೆಯ ಹಜಾರ. ಎರಡನೇ ಸಲ ಅವರೂ ಇರಲಿಲ್ಲ.

"ನಿಮ್ ಆಪೀಸ್ನಲ್ಲೇ ಒಂದ್ ಮೂಲೆ ಸಿಗಾಕಿಲ್ವಾ ಮಗ?" ಅಂತ ಅವ್ವ ಫೋನಿನಲ್ಲಿ ಕೇಳಿದಳು. "ನಾನೊತ್ತ ಮಣ್ಣಿನ್ ಮನೆ ವಳಗೆ ಎಂಗೈತೆ ಅಂತ ಒಂದ್ಸಲ ನೋಡ್ಬೇಕು ಅಂತ ಆಸೆ."

"ಖಾಲಿನೇ ಇರಲ್ಲ ಕಣವ್ವ," ಅಂದೆ.

ನನ್ನ ತಂಗಿ ಶಾಂತಿ ಬುದ್ಧಿವಂತೆ. ಅವಳು ಆ್ಯಪ್‌ನಲ್ಲಿ ನೋಡಿದಳು. ಖಾಲಿ ಇತ್ತು. ಅಪ್ಪನ ಕಾರ್ಡು ಹಾಕಿ ಬುಕ್ ಮಾಡಿದಳು. ನನಗೆ ಹೇಳಲಿಲ್ಲ. ಸುಮ್ಮನೆ ಬಂದು ನಿಂತು ಮಗನನ್ನು ಬೆಚ್ಚಿಬೀಳಿಸೋದು ಅಂತ ಅವ್ವನೂ ಮಗಳೂ ಮಾತಾಡಿಕೊಂಡಿದ್ದರು. ನಮ್ಮ ಮನೆಯಲ್ಲಿ ಚೇಷ್ಟೆ ನನ್ನೊಬ್ಬನದೇ ಅಲ್ಲ.

ಎರಡನೇ ಡ್ರಿಪ್ಪಿನ ಹಿಂದಿನ ದಿನ, ಹನ್ನೊಂದು ಗಂಟೆ. ಜಗಲಿಯಲ್ಲಿ ಬಿಸಿಲು. ಮೋಹನಣ್ಣ ಕಾಫಿ ಲೋಟ ಹಿಡಿದು ಬಂದು ಎದುರು ಕೂತ.

"ಒಂದ್ ಬುಕಿಂಗ್ ಬಂದೈತೆ, ಇವತ್ ಸಾಯಂಕಾಲಕ್ಕೆ. ಮುಂದ್ಗಡೆ ನೋಡಿದ್ರೆ ಯಾವನೋ ಮುದ್ಕ. ಹಿಂದ್ಗಡೆ ಜನತಾ ಕಾಲೋನಿ ಅಂತೈತೆ. ಜನತಾ ಕಾಲೋನಿ ಅಂದ್ರೆ ಎಲ್ಲಾ ಥರದೋರೂ ಇರ್ತಾರೆ. ವಿಚಾರ್ಸ್ಬುಡು."

ತನ್ನ ಫೋನಿನಿಂದ ತಾನೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಟೇಬಲ್ಲಿನ ಮೇಲಿಟ್ಟ. ನಾನು ಗಂಟಲು ಸರಿಮಾಡಿಕೊಂಡು ಮೋಹನಣ್ಣ ಆದೆ.

"ನಮಸ್ಕಾರಾ... ಬನ್ನಿಮನೆಯಿಂದ ಮೋಹನ್‌ಕುಮಾರ್ ಮಾತಾಡ್ತಿರೋದು. ತಾವು ರೂಮು ಬುಕ್ ಮಾಡಿದ್ರಲ್ವಾ?"

"ಊಂ ಸಾ. ನಮ್ ಮಗ್ಳು ಮಾಡವ್ಳೆ ಸಾ. ನಂಗೆ ಅದೆಲ್ಲಾ ಗೊತ್ತಾಗಾಕಿಲ್ಲ."

ಅಪ್ಪ.

ಮೋಹನಣ್ಣ ಕಾಫಿ ಗುಟುಕರಿಸುತ್ತಾ, ಮುಂದಕ್ಕೆ ಕೇಳು ಅಂತ ಗಲ್ಲ ಅಲ್ಲಾಡಿಸಿದ.

ಆಗ ಒಂದು ಮಾತು ಸಾಕಿತ್ತು. 'ಅಪ್ಪಾ, ನಾನು' ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಮೋಹನಣ್ಣನೇ ಹೊರಗೆ ಬಂದ.

"ತಮ್ಮ ಸ್ವಂತ ಊರು ಯಾವ್ದಾಯ್ತು?"

"ಕೊಣನೂರ್ ತಾವು ಸಾ."

"ಹೌದಾ... ಊರಲ್ಲಿ ಮನೆ ದೇವಸ್ಥಾನದ ಹತ್ರಾನೇ ಬರುತ್ತಾ?"

"ದೇವಸ್ತಾನ ಊರೊಳ್ಗೈತೆ ಸಾ. ನಾವು ಊರಾಚೆ." ಅಪ್ಪ ಯಾವತ್ತೂ ಇದನ್ನು ಮುಚ್ಚಿದವನಲ್ಲ. ಕೇಳಿದರೆ ಹೇಳಿದ. "ನನ್ನೆಂಡ್ರಿಗೆ ಉಸಾರಿಲ್ಲ ಸಾ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೇಲಿ ಟೋಕನ್ನು. ಒಂದ್ ರಾತ್ರಿ ಅವಳು ಕಾಲ್ ಚಾಚ್ಕಂಡ್ರೆ ಸಾಕು. ನಾನು ಎಲ್ಲಾರಾ ಕುಂತಿರ್ತೀನಿ. ನಮ್ ಉಡುಗ ಕೀರ್ತಿರಾಜ ಅಂತ ಅಲ್ಲೇ ಮ್ಯಾನೇಜರು. ನಿಮ್ ಕೈ ಕೆಳುಗೆ."

ಮೋಹನಣ್ಣನ ಲೋಟ ಬಾಯಿಯ ಹತ್ತಿರವೇ ನಿಂತಿತು. ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹೋಗ್ಲಿ ಬಿಡು, ಬರ್ಲಿ ಅನ್ನುತ್ತಾನೆ ಅಂತ ಒಂದು ಕ್ಷಣ ನಂಬಿದೆ. ಎರಡು ವರ್ಷ ಅವನ ದನಿ ನನ್ನ ಗಂಟಲಲ್ಲಿತ್ತು. ಅಷ್ಟಕ್ಕಾದರೂ ಅನ್ನುತ್ತಾನೆ ಅಂತ.

ಅವನು ಒಳಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ತೋರುಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿದ. ಮೋಟರ್.

"ನೋಡೀ..." ಅಂದೆ. ಅದಕ್ಕೂ ಮುಂಚೆ ಸಣ್ಣ ಕೆಮ್ಮು. ಅದನ್ನೂ ಮರೆಯಲಿಲ್ಲ ನಾನು. "ಒಂದು ನಿಮ್ಷದ ಹಿಂದೆ ಮೋಟರ್ ಸುಟ್ಟೋಯ್ತು. ನೀರೇ ಇಲ್ಲ. ತಮಗೆ ತೊಂದ್ರೆ ಆಗುತ್ತೆ."

ಅಪ್ಪ ನಕ್ಕ. ಅಷ್ಟೇನಾ ಅನ್ನುವ ಹಾಗೆ ನಕ್ಕ.

"ಅದುಕ್ಯಾಕ್ ಯೋಚ್ನೆ ಸಾ? ಮೋಟರ್ ಸುಟ್ರೆ ಏನು, ಸಂಪಲ್ಲಿ ನೀರಿರ್ತದಲ್ಲಾ. ಎಲ್ಲಾರ್ಗೂ ನಾನೇ ಸೇದ್ಕೊಡ್ತೀನಿ. ಆ ಸಂಪು ತೋಡ್ದೋನೇ ನಾನು. ತಮ್ಮಯ್ಯ ಅಂತ. ನೆಪ್ಪಿಲ್ವಾ ಸಾ?"

ಮೋಹನಣ್ಣನ ದನಿ ಎಲ್ಲಿಗೋ ಹೋಯಿತು. ಹುಡುಕಿದೆ, ಸಿಗಲಿಲ್ಲ. ಎಂಜಲು ನುಂಗಿದೆ. ಚಿಕ್ಕವನಾಗಿದ್ದಾಗ ಅಳು ತಡೆಯೋಕೆ ಹಾಗೆ ನುಂಗುತ್ತಿದ್ದೆ, ಎರಡು ಸಲ, ಸದ್ದಾಗುವ ಹಾಗೆ. ಆಮೇಲೆ ಹೇಗೋ ದನಿ ಸಿಕ್ಕಿತು.

"ಇಲ್ಲ... ಸಂಪೂ ಖಾಲಿ. ಕ್ಷಮಿಸ್ಬೇಕು."

ಆ ಕಡೆ ಬಸ್ಸಿನ ಹಾರ್ನು, ಯಾರೋ ಕೋಳಿ ಓಡಿಸುತ್ತಿದ್ದರು.

"ಆಯ್ತು ಸಾ," ಅಂದ ಅಪ್ಪ. ದನಿ ಸಣ್ಣದಾಗಿತ್ತು. "ಒಂದ್ ಮಾತು. ನಾನ್ ಕೇಳಿದ್ದು ನನ್ ಮಗನ್ಗೆ ಗೊತ್ತಾಗೋದ್ ಬ್ಯಾಡ. ಅವ್ನು ಬಾಳಾ ನೊಂದ್ಕತಾನೆ."

ಫೋನ್ ಕಟ್ಟಾಯಿತು.

"ನಿಮ್ಮಪ್ಪನಾ? ಮೊದ್ಲೇ ಯೋಳಾದಲ್ವಾ?" ಅಂದ ಮೋಹನಣ್ಣ. "ನಂಗೂ ಬೇಜಾರೇ. ಆದ್ರೆ ಒಬ್ರಿಗ್ ಬುಟ್ರೆ ಆಯ್ತಲ್ಲ, ಲೈನ್ ಕಟ್ತಾರೆ. ನಮ್ಮನೇವ್ಳು ಬೇರೆ ಬೆಡ್‌ಶೀಟೆಲ್ಲಾ ಸುಡು ಅಂತಾಳೆ." ಲೋಟ ಬರಿದು ಮಾಡಿ ಎದ್ದ. ಬಾಗಿಲ ಹತ್ತಿರ ತಿರುಗಿದ. "ಏನೇ ಅನ್ನು, ಸಂಪೂ ಖಾಲಿ ಅಂದ್ಯಲ್ಲಾ, ಅದು ನಂಗೂ ಒಳೀತಿರ್ನಿಲ್ಲ ಬುಡು."

ಅಪ್ಪನಿಗೆ ಫೋನ್ ಮಾಡೋಣ ಅಂತ ನನ್ನ ಫೋನು ತೆಗೆದೆ. ಯಾರ ದನಿಯಲ್ಲಿ ಮಾತಾಡಲಿ? ಒಳಗಿಟ್ಟೆ. ಬುಕಿಂಗ್ ಇಲ್ಲ ಅಂದಮೇಲೆ ಇವತ್ತು ಹೊರಡಲ್ಲ, ನಾಳೆ ಮೊದಲ ಬಸ್ಸಿಗೆ ಬರ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನನ್ನು ನಂಬಿಸೋಕೆ ನನಗೆ ಯಾರ ದನಿಯೂ ಬೇಕಾಗಲಿಲ್ಲ.

ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಗೆ ಹೋದೆ. ಅವರು ಹಿಂದಿನ ಸಂಜೆಯೇ ಬಂದಿದ್ದರು. ಟೋಕನ್ ಕಿಟಕಿಯ ಪಕ್ಕ, ನೆಲದ ಮೇಲೆ, ಗೊಬ್ಬರದ ಚೀಲ ಹಾಸಿಕೊಂಡು ಅವ್ವ ಮಲಗಿದ್ದಳು. ಮಂಡಿ ಹೊಟ್ಟೆಗೆ ಒತ್ತಿಕೊಂಡು, ಮಗುವಿನಷ್ಟಾಗಿದ್ದಳು. ತಲೆಗೂದಲು ಹೋಗಿತ್ತು, ಅಪ್ಪನ ಟವಲು ಕಟ್ಟಿಕೊಂಡಿದ್ದಳು. ರಾತ್ರಿಯಲ್ಲಿ ಕಾವಲುಗಾರ ಎರಡು ಸಲ ಎಬ್ಬಿಸಿ ಜಾಗ ಬದಲಾಯಿಸಿದನಂತೆ. ನೆಲ ಒರೆಸಬೇಕು ಅಂತ ಒಂದು ಸಲ. ಯಾಕೆ ಅಂತ ಹೇಳದೆ ಇನ್ನೊಂದು ಸಲ. ಅಪ್ಪ ಗೋಡೆಗೆ ಒರಗಿ ಕೂತಿದ್ದ.

"ಬಂದ್ಯಾ ಮಗ? ಕೆಲ್ಸ ಬುಟ್ಟು ಯಾಕ್ ಬಂದೆ?" ಅವ್ವ ಏಳಲು ನೋಡಿದಳು, ಆಗಲಿಲ್ಲ. "ನಿಮ್ ಓನ್ರು ಎಷ್ಟ್ ಒಳ್ಳೇರಪ್ಪಾ! ನಿಮ್ಮಪ್ಪನ್ ಕೂಟೆ ಮಾತಾಡುದ್ರಂತೆ. ಬಾಳಾ ನಯ ಅಂತೆ ಮಾತು. ಪಾಪ, ಮೋಟರ್ ಸುಟ್ಟೋಗೈತಂತಲ್ಲಾ. ನೀರಿಲ್ದೆ ನೀನ್ ಎಂಗ್ ಇದ್ದೀಯೋ ಏನೋ ಅಂತ ರಾತ್ರಿಯೆಲ್ಲಾ ನಂಗೆ ಅದೇ ಚಿಂತೆ. ತಗೋ."

ತಲೆಯ ಹತ್ತಿರ ಇಟ್ಟುಕೊಂಡಿದ್ದ ನೀರಿನ ಬಾಟಲಿ ನನ್ನ ಕಡೆ ತಳ್ಳಿದಳು. ಅರ್ಧ ಇತ್ತು.

"ಕುಡಿಯಪ್ಪಾ."

ಕುಡಿದೆ. ಕುಡಿಯದೆ ಇರೋದು ಹೇಗೆ ಅಂತ ಗೊತ್ತಾಗಲಿಲ್ಲ.

ಅವ್ವನಿಗೆ ನಗಬೇಕು ಅನ್ನಿಸಿರಬೇಕು. ಡ್ರಿಪ್ಪಿನ ಭಯಕ್ಕೆ ಅವಳು ಮೊದಲು ನಗೋಳು. "ಆ ಓನ್ರು ಎಂಗ್ ಮಾತಾಡ್ತಾರೆ ಒಂದ್ಸಲ ಆಡಿ ತೋರ್ಸು ಮಗ. ಸ್ವರ್ಣಲತಮ್ಮಂದು ತೋರ್ಸೀಯ, ಅವ್ರ್ದು ಒಂದ್ಸಲನೂ ತೋರ್ಸಿಲ್ಲ ನೀನು."

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಮಾತಾಡಿದ. ನನ್ನ ಕಡೆ ನೋಡಲಿಲ್ಲ. ಟೋಕನ್ ಕಿಟಕಿಯ ಕಡೆ ನೋಡುತ್ತಿದ್ದ.

"ಬ್ಯಾಡ ಬುಡಮ್ಮಿ. ನಾನ್ ನೆನ್ನೇನೇ ಕೇಳಿವ್ನಿ."

ಅಷ್ಟೇ ಅಂದದ್ದು. ಕಿಟಕಿ ತೆರೆಯಿತು. ಅಪ್ಪ ಎದ್ದು ಹೋಗಿ ಸಾಲಿನಲ್ಲಿ ನಿಂತ.

ನಾನು ಆಸ್ಪತ್ರೆಯಿಂದ ಬನ್ನಿಮನೆಯವರೆಗೆ ನಡೆದುಕೊಂಡೇ ಹೋದೆ. ಹೋಗುವಾಗ ಅಂಗಡಿಯಲ್ಲಿ ಹತ್ತು ಲೀಟರಿನ ಕ್ಯಾನು ತಗೊಂಡೆ. ಏನು ಮಾಡಬೇಕು ಅಂತ ಯೋಚಿಸಿದ್ದೆ ಅಂತಲ್ಲ. ಕೈಗೆ ಏನಾದರೂ ಬೇಕಿತ್ತು.

ಅಂಗಳದಲ್ಲಿ ದೊಡ್ಡ ಕಾರು. ಬೆಂಗಳೂರಿನವರು, ಗಂಡ ಹೆಂಡತಿ. ಜಗಲಿಯ ಟೇಬಲ್ಲಿನ ಮುಂದೆ ಕಾರ್ಡು ಹಿಡಿದು ನಿಂತಿದ್ದರು. ಮೋಹನಣ್ಣ ಹಲ್ಲು ಕಿರಿಯುತ್ತಾ ಪಕ್ಕದಲ್ಲಿ.

"ಎಲ್ಲೋಗಿದ್ಯೋ? ಬಾ, ಐಡಿ ನೋಡು."

"ನೋಡಲ್ಲ."

"ಏನಂದೆ?"

"ನೋಡಲ್ಲ ಅಂದೆ."

ಟೇಬಲ್ಲಿನ ಡ್ರಾಯರಿನಿಂದ ಸಂಪಿನ ಬೀಗದ ಕೈ ತಗೊಂಡೆ. ಮುಚ್ಚಳ ಎತ್ತಿದೆ. ಭಾರ ಇತ್ತು. ಬೈರಯ್ಯ ಗಿಡಕ್ಕೆ ನೀರು ಹಾಕುತ್ತಿದ್ದವನು ನೋಡಿದ. ನಾನು ಕೇಳಲಿಲ್ಲ. ಅವನೇ ಬಕೆಟ್ಟೂ ಹಗ್ಗವೂ ತಂದು ನನ್ನ ಕಾಲ ಬಳಿ ಇಟ್ಟು ಹೋದ.

ಸಂಪು ತುಂಬಿತ್ತು. ಕತ್ತು ಬಗ್ಗಿಸಿದರೆ ನನ್ನ ಮುಖ ಕಾಣುವಷ್ಟು. ಅದರ ಗೋಡೆಗಳ ಹಿಂದೆ ನಮ್ಮಪ್ಪನ ಹಾರೆಯ ಏಟುಗಳಿದ್ದವು. ಬಕೆಟ್ಟು ಬಿಟ್ಟೆ. ಸೇದಿದೆ. ಬೊಗಸೆ ತುಂಬಾ ಎತ್ತಿ ಕುಡಿದೆ. ಮೇಲಿನಿಂದ ಯಾರೂ ಸುರಿಯಲಿಲ್ಲ.

"ಲೇ! ಲೇ! ಮುಟ್ಬ್ಯಾಡ! ಕುಡಿಯೋ ನೀರು ಕಣ್ಲಾ ಅದು!"

"ಕುಡೀತಾನೇ ಇವ್ನಿ ಕಣಣ್ಣಾ."

"ಮೋಟರ್ ಐತಲ್ಲೋ, ನಲ್ಲಿ ಐತಲ್ಲೋ ನಿಂಗೆ!"

"ಮೋಟರ್ ಸುಟ್ಟೋಗಿದೆ."

ಬೆಂಗಳೂರಿನವನು ಗಾಬರಿಯಾಗಿ, "ನೀರಿಲ್ವಾ?" ಅಂದ.

ಕೊನೆಯ ಸಲ ಮೋಹನಣ್ಣ ಆದೆ. "ನಮಸ್ಕಾರಾ..." ಅಂತ ಎಳೆದೆ. "ನೋಡೀ, ಈ ಮನೇಲಿ ಕಾರ್ಡಿನ ಮುಂದ್ಗಡೆ ಪೊಲೀಸ್ರಿಗೆ, ಹಿಂದ್ಗಡೆ ನಮ್ಗೆ. ತಮ್ಮ ಹಿಂದ್ಗಡೆ ಚೆನ್ನಾಗಿದ್ರೆ ನೀರು ಬರುತ್ತೆ. ಇಲ್ದಿದ್ರೆ ಮೋಟರ್ ಸುಡುತ್ತೆ. ಇಲ್ಲೀವರೆಗೆ ನಲವತ್ತೊಂದು ಸಲ ಸುಟ್ಟಿದೆ. ಎಲ್ಲಾ ಈ ಬಾಯಿಂದ್ಲೇ. ನೆನ್ನೆ ಸುಟ್ಟಿದ್ದು ನಮ್ಮಪ್ಪನಿಗೆ, ನಮ್ಮವ್ವನಿಗೆ. ಅವರು ರಾತ್ರಿ ಆಸ್ಪತ್ರೆ ನೆಲದ ಮೇಲೆ ಮಲಗಿದ್ರು. ತಮಗೆ ತೊಂದ್ರೆ ಆಗ್ಬಾರ್ದು ನೋಡಿ."

ನನ್ನ ಬಾಯಿಂದ ಅವನ ದನಿ ಬರುವುದನ್ನು ಅವನೇ ನಿಂತು ಕೇಳಿದ. ಈ ಸಲ ನಗಲಿಲ್ಲ.

ಎಲ್ಲರ ದನಿ ತೆಗೆದಿದ್ದೆ ನಾನು. ಅಪ್ಪನ ದನಿ ಯಾವತ್ತೂ ತೆಗೆದಿರಲಿಲ್ಲ. ನಾಚಿಕೆ ಇತ್ತು. ಅವತ್ತು ತಾನಾಗೇ ಬಂತು.

"ಈ ಸಂಪು ತೋಡ್ದೋನೇ ನಾನು ಸಾ. ತಮ್ಮಯ್ಯ ಅಂತ. ನೆಪ್ಪಿಲ್ವಾ?"

ಬಾಗಿಲಲ್ಲಿ ಸ್ವರ್ಣಲತಾ ನಿಂತಿದ್ದಳು. "ರೀ, ಸಂಪು ಖಾಲಿ ಮಾಡ್ಸಿ. ಟ್ಯಾಂಕರ್‌ಗೆ ಫೋನ್ ಮಾಡಿ," ಅಂದಳು. ಬೆಂಗಳೂರಿನ ಹೆಂಗಸು ನನ್ನ ಮುಖ ನೋಡಿ ಕಣ್ಣು ಕೆಳಗೆ ಹಾಕಿದಳು. ಗಂಡ ಫೋನು ನೋಡಿಕೊಂಡ.

"ಅಂದ್ರೆ... ರೂಮ್ ಇದೆಯಾ, ಇಲ್ವಾ?" ಅಂತ ಕೇಳಿದ.

ಇತ್ತು. ಅವರು ಉಳಿದುಕೊಂಡರು ಅಂತ ಬೈರಯ್ಯ ಆಮೇಲೆ ಹೇಳಿದ.

ನಾನು ಕ್ಯಾನು ತುಂಬಿಕೊಂಡು ಗೇಟಿನ ಕಡೆ ನಡೆದೆ. ಮೋಹನಣ್ಣ ಹಿಂದಿನಿಂದ ಕೂಗಿದ. "ಕಂಪ್ಲೇಂಟ್ ಕೊಡ್ತೀನಿ ಕಣ್ಲಾ! ನಿನ್ ಆಧಾರ್ ಕಾಪಿ ನನ್ ತಾವೈತೆ!"

"ಇಟ್ಕಳಣ್ಣಾ. ಹಿಂದ್ಗಡೆ ಓದು. ಜೋರಾಗ್ ಓದು."

ಆಸ್ಪತ್ರೆಯಲ್ಲಿ ಅವ್ವ ಒಳಗಿದ್ದಳು, ಕೈಗೆ ಸೂಜಿ ಹಾಕಿದ್ದರು. ಅಪ್ಪ ಹೊರಗೆ ಬೆಂಚಿನ ಮೇಲೆ. ಅವನ ಮುಂದೆ ಕ್ಯಾನು ಇಟ್ಟೆ. ಎಲ್ಲಿಯದು ಅಂತ ಹೇಳಲಿಲ್ಲ. ಅವನು ನನ್ನ ಒದ್ದೆ ಅಂಗಿ ನೋಡಿದ. ಹಗ್ಗ ಜಾರಿ ತರಚಿದ ಅಂಗೈ ನೋಡಿದ. ಮುಚ್ಚಳಕ್ಕೆ ಸ್ವಲ್ಪ ಸುರಿದು ಬಾಯಿಗೆ ಹಾಕಿಕೊಂಡ. ಬಾಯಲ್ಲೇ ಇಟ್ಟುಕೊಂಡಿದ್ದು ನಿಧಾನಕ್ಕೆ ನುಂಗಿದ.

"ಸೀ ನೀರು," ಅಂದ.

ನಾಲ್ಕು ವರ್ಷ ಆಗಿತ್ತು ಅದನ್ನು ತೋಡಿ.

ಅವ್ವನಿಗೆ ವಾಂತಿಯಾಗುತ್ತಿತ್ತು, ಈಗ ಕುಡಿಸಬೇಡಿ ಅಂದಳು ನರ್ಸು. ಅಪ್ಪ ಟವಲಿನ ತುದಿ ಅದ್ದಿ ಅವಳ ತುಟಿ ಒರೆಸಿದ. "ಮೋಟರ್ ರಿಪೇರಿ ಆಯ್ತಾ?" ಅಂದಳು ಅವ್ವ. "ಊಂ, ಆಯ್ತು," ಅಂದ ಅಪ್ಪ.

ಮೂರನೇ ಡ್ರಿಪ್ಪಿಗೆ ಅವ್ವ ಇರಲಿಲ್ಲ. ಒಂದು ರಾತ್ರಿ ನೆಲದ ಮೇಲೆ ಮಲಗಿದ್ದಕ್ಕೆ ಯಾರೂ ಸಾಯಲ್ಲ ಅಂದರು ಡಾಕ್ಟರು. ನಾನು ಅವರನ್ನು ಕೇಳಿರಲಿಲ್ಲ.

ಈಗ ಚನ್ನರಾಯಪಟ್ಟಣದಲ್ಲಿ ಒಂದು ಕೊರಿಯರ್ ಆಫೀಸಿನಲ್ಲಿದ್ದೇನೆ. ಪಾರ್ಸೆಲ್ ಹೊರುತ್ತೇನೆ. ವಿಳಾಸ ಓದಿ ಮನೆ ಹುಡುಕಿ ಕೊಡುತ್ತೇನೆ. ದನಿ ತೆಗೆಯೋದು ಬಿಟ್ಟಿದ್ದೇನೆ. ಬಿಟ್ಟೆ ಅನ್ನೋದಕ್ಕಿಂತ, ಕೇಳೋರು ಹೋದರು.

ದಿನಾ ಸಂಜೆ ಐದಕ್ಕೆ ಅಪ್ಪನಿಗೆ ಫೋನ್ ಮಾಡುತ್ತೇನೆ. ಶಾಂತಿ ಅವನ ಫೋನಿನಲ್ಲಿ ನನ್ನ ಫೋಟೋ ಹಾಕಿದ್ದಾಳೆ. ಕರೆ ಹೋದರೆ ನನ್ನ ಮುಖ ಬರುತ್ತೆ. ಆದರೂ ದಿನಾ ಕೇಳುತ್ತಾನೆ.

"ಯಾರು?"

"ನಾನು ಕಣಪ್ಪಾ."

"ನಾನು ಅಂದ್ರೆ ಯಾರು?"

ಮೊದಲ ದಿನ ಫೋನ್ ಇಟ್ಟುಬಿಟ್ಟಿದ್ದೆ. ಎರಡನೇ ದಿನ ಅತ್ತೆ. ಈಗ ಹೇಳುತ್ತೇನೆ. ಬಸ್ಸಿನಲ್ಲಿರಲಿ, ಅಂಗಡಿಯಲ್ಲಿರಲಿ, ಸುತ್ತ ಯಾರೇ ಇರಲಿ, ನನ್ನ ಸ್ವಂತ ದನಿಯಲ್ಲಿ ಜೋರಾಗಿ ಹೇಳುತ್ತೇನೆ.

"ಕೀರ್ತಿರಾಜ. ತಮ್ಮಯ್ಯನ ಮಗ. ಹೊನ್ನಕ್ಕನ ಮಗ. ಜನತಾ ಕಾಲೋನಿ, ಊರಾಚೆ, ಕೊಣನೂರು ಹೋಬಳಿ, ಅರಕಲಗೂಡು ತಾಲ್ಲೂಕು."

ಆ ಕಡೆ ತಾಳೆ ನೋಡುತ್ತಿರುತ್ತಾನೆ.

"ಊಂ," ಅನ್ನುತ್ತಾನೆ ಆಮೇಲೆ. "ಯೋಳು ಮಗ."